ಅಣ್ಣಯ್ಯನ ಎಂಟು ಮತ, ನಮ್ಮ ಮನೆಯ ಒಂದು ಪಂಕ್ತಿ

ರಾಜಕೀಯದ ಸುದ್ದಿಯನ್ನು ನಾನು ಓದುವುದು ಕಡಿಮೆ. ಪತ್ರಿಕೆ ಬಂದರೆ ಮೊದಲು ಪಂಚಾಂಗದ ಮೂಲೆ, ಆಮೇಲೆ ಯಾರು ತೀರಿಕೊಂಡರು ಎಂಬ ಅಂಕಣ, ಒಲೆಯ ಮೇಲೆ ಏನೂ ಉಕ್ಕುವಂಥದ್ದು ಇಲ್ಲದಿದ್ದರೆ ಮಾತ್ರ ಮುಖಪುಟ, ಹೀಗೆ ನನ್ನ ಕ್ರಮ. ಮೊನ್ನೆ ನಮ್ಮ ಮನೆಯವರೇ ಮುಖಪುಟವನ್ನು ನನ್ನ ಮುಂದೆ ಹಿಡಿದರು. ಯಾವುದೋ ರಾಜ್ಯದ ಶಾಸಕರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಬಂದು, ಎದುರು ಪಕ್ಷದವರ ಕೈಗೆ ಸಿಗದ ಹಾಗೆ ಬೆಟ್ಟದ ಮೇಲಿನ ಒಂದು ಹೋಟೆಲಿನಲ್ಲಿ ಇಟ್ಟಿದ್ದಾರಂತೆ. "ಪ್ರಜಾಪ್ರಭುತ್ವಕ್ಕೆ ಎಂಥ ಕಾಲ ಬಂತು ನೋಡು" ಎಂದು ಅವರು ನಿಟ್ಟುಸಿರು ಬಿಟ್ಟರು. ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. "ಅವರಿಗೆಲ್ಲ ಅಡಿಗೆ ಮಾಡೋರು ಯಾರಂತೆ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿ ಪತ್ರಿಕೆ ಮಡಿಸಿದರು. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ನಮಗಿದ್ದ ಎರಡು ಕೋಣೆಯ ಬಾಡಿಗೆ ಮನೆ ಅವರಿಗೂ ನೆನಪಾಗಿರಬೇಕು. ಆ ಮನೆಯಲ್ಲಿ ಸುಮಾರು ಇಪ್ಪತ್ತು ವರ್ಷದ ಹಿಂದೆ, ಸಾಗರದ ಪುರಸಭೆಯ ಅರ್ಧಕ್ಕಿಂತ ಹೆಚ್ಚು ಸದಸ್ಯರನ್ನು ನಾನು ಮೂರು ದಿನ ಬೇಯಿಸಿ ಹಾಕಿ ಸಾಕಿದ್ದೆ. ಅದರ ಫಲವಾಗಿ ಸಾಗರಕ್ಕೆ ಹೊಸ ಅಧ್ಯಕ್ಷರು ಸಿಕ್ಕಿದರು. ಆದರೆ ನಾನು ಯಾರಿಗಾಗಿ ಬೇಯಿಸಿದ್ದೆನೋ ಅವರಲ್ಲ.

ಬೇಯಿಸಿದ್ದು ನನ್ನ ಅಣ್ಣಯ್ಯನಿಗಾಗಿ. ಅವನ ಹೆಸರು ಸೋಮಶೇಖರ. ನಮ್ಮದು ತೀರ್ಥಹಳ್ಳಿ ಕಡೆಯ ಬೇಸಾಯದ ಮನೆ. ಅಣ್ಣಯ್ಯನಿಗೆ ಗದ್ದೆ ಒಗ್ಗಲಿಲ್ಲ. ಇವನು ಹೂಡಲು ಹೋದರೆ ಎತ್ತುಗಳು ಹೆಜ್ಜೆ ಹಾಕುವುದು ಬಿಟ್ಟು ಇವನ ಮಾತು ಕೇಳುತ್ತಾ ನಿಂತುಬಿಡುತ್ತವೆ ಎಂದು ಅಪ್ಪಯ್ಯ ಬೇಸರ ಮಾಡಿಕೊಳ್ಳುತ್ತಿದ್ದರು. ಮಾತಿಗೆ ಪೇಟೆಯೇ ಸರಿಯಾದ ಜಾಗವೆಂದು ಅವನು ಸಾಗರಕ್ಕೆ ಹೋಗಿ ಸೋಡಾ ಫ್ಯಾಕ್ಟರಿ ಇಟ್ಟ. ಫ್ಯಾಕ್ಟರಿಯೆಂದರೆ ಒಂದು ಕೋಣೆ, ಕೈಯಲ್ಲಿ ತಿರುಗಿಸುವ ಒಂದು ಯಂತ್ರ, ನಾಲ್ಕಾರು ಮರದ ಪೆಟ್ಟಿಗೆಗಳಲ್ಲಿ ಗೋಲಿ ಬಾಟಲಿಗಳು. ಬಾಟಲಿ ಒಮ್ಮೊಮ್ಮೆ ಸಿಡಿಯುತ್ತಿತ್ತು. ಅದಕ್ಕಾಗಿ ಯಂತ್ರ ತಿರುಗಿಸುವಾಗ ಅವನು ತಂತಿಬಲೆಯ ಮುಖವಾಡ ಕಟ್ಟಿಕೊಳ್ಳುತ್ತಿದ್ದ. ಆ ಬಲೆಯ ಒಳಗಿನಿಂದಲೇ ಊರಿನ ಬೀದಿದೀಪ, ನಲ್ಲಿನೀರು, ದೇಶದ ಆಹಾರ ಸಮಸ್ಯೆ ಎಲ್ಲದರ ಬಗ್ಗೆ ಅಭಿಪ್ರಾಯ ಕೊಡುತ್ತಿದ್ದ. ಸೋಡಾ ಕುಡಿಯಲು ಬಂದವರು ತೇಗು ಬರುವವರೆಗೆ ಕೇಳಿಕೊಂಡು, ತೇಗು ಬಂದ ಮೇಲೆ ಹೋಗುತ್ತಿದ್ದರು. ಊರವರು ಅವನಿಗೆ ಸೋಡಾ ಸೋಮ ಎಂದೇ ಹೆಸರಿಟ್ಟಿದ್ದರು. ಅದು ಪ್ರೀತಿಯ ಹೆಸರು ಎಂದು ಅವನೂ ನಂಬಿಕೊಂಡಿದ್ದ.

ಒಂದು ದಿನ ಆ ನಂಬಿಕೆ ಹೋಯಿತು. ಫ್ಯಾಕ್ಟರಿಯ ಎದುರಿನ ಚರಂಡಿ ಕಟ್ಟಿಕೊಂಡಿತ್ತು. ಅರ್ಜಿ ಬರೆದುಕೊಂಡು ಪುರಸಭೆಯ ಆಗಿನ ಅಧ್ಯಕ್ಷರ ಕೋಣೆಗೆ ಹೋದ. ಅವರು ಕೂತ್ಕೋ ಅನ್ನಲಿಲ್ಲ. ಅರ್ಜಿಯನ್ನು ಓದಲೂ ಇಲ್ಲ. "ಏನೋ ಸೋಡಾ ಸೋಮ, ಚರಂಡಿಗೂ ಗ್ಯಾಸ್ ತುಂಬ್ದೆಯಾ?" ಎಂದು ಕೇಳಿದರಂತೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅಣ್ಣಯ್ಯನೂ ನಕ್ಕ. ಮನೆಗೆ ಬಂದು ಆ ದಿನ ಊಟ ಮಾಡಲಿಲ್ಲ ಎಂದು ಅತ್ತಿಗೆ ಆಮೇಲೆ ನನಗೆ ಹೇಳಿದರು. ಮುಂದಿನ ಚುನಾವಣೆಯಲ್ಲಿ ಅವನು ತನ್ನ ವಾರ್ಡಿನಿಂದ ನಿಂತು ಗೆದ್ದ. ಗೆದ್ದ ದಿನವೇ ಅವನಿಗೆ ಸದಸ್ಯತ್ವ ಸಣ್ಣದಾಗಿ ಕಂಡಿತು. ಬೇಕಾಗಿದ್ದದ್ದು ಆ ಕೋಣೆಯ ಆ ಕುರ್ಚಿ. ಚರಂಡಿಗಾಗಿ ಅಲ್ಲ. ಒಮ್ಮೆಯಾದರೂ ಊರಿನವರ ಬಾಯಲ್ಲಿ ಸೋಡಾ ಎಂಬುದು ಬಿದ್ದುಹೋಗಿ ಅಧ್ಯಕ್ಷರೇ ಎಂದು ಬರಬೇಕು. ಇಷ್ಟನ್ನು ಅವನು ಯಾರಿಗೂ ಹೇಳಿದವನಲ್ಲ, ನನಗೂ ಹೇಳಲಿಲ್ಲ. ಅಣ್ಣನ ಮುಖ ನೋಡಿದರೆ ತಂಗಿಗೆ ತಿಳಿಯುವುದಿಲ್ಲವೇ?

ಒಟ್ಟು ಹದಿನೈದು ಸದಸ್ಯರು. ಅಧ್ಯಕ್ಷರನ್ನು ಆರಿಸುವವರು ಅವರೇ. ಅಣ್ಣಯ್ಯನ ಕಡೆ ಅವನೂ ಸೇರಿ ಎಂಟು, ಬಟ್ಟೆ ಅಂಗಡಿಯ ಬಸವಣ್ಯಪ್ಪನವರ ಕಡೆ ಅವರೂ ಸೇರಿ ಏಳು. ಎಂಟು ಏಳಕ್ಕಿಂತ ಹೆಚ್ಚು ಎಂಬುದು ಒಂದನೇ ಕ್ಲಾಸಿನ ಲೆಕ್ಕ. ಆದರೆ ಸಾಗರದ ಪೇಟೆಯಲ್ಲಿ ಎಂಟನ್ನು ಎಂಟಾಗಿಯೇ ಒಂದು ವಾರ ಉಳಿಸಿಕೊಳ್ಳುವುದು ಕಷ್ಟ. ಅದಕ್ಕೇ ಅಣ್ಣಯ್ಯ ಒಂದು ಉಪಾಯ ಹೂಡಿದ. ಚುನಾವಣೆಗೆ ಮೂರು ದಿನ ಮೊದಲು ತನ್ನ ಏಳು ಜನರನ್ನೂ ಕರೆದುಕೊಂಡು ಯಾರಿಗೂ ತಿಳಿಯದ ಹಾಗೆ ಹೊಸನಗರದ ತಂಗಿಯ ಮನೆಗೆ ಹೋಗಿಬಿಡುವುದು, ಮನೆಯ ಹೆಂಗಸರಿಗೆ ಯಾತ್ರೆಗೆ ಹೋಗುತ್ತೇವೆ ಎನ್ನುವುದು. ಈ ಪರಮ ಗುಟ್ಟನ್ನು ಅವನು ನಮಗೆ ತಿಳಿಸಿದ್ದು ಪೋಸ್ಟ್ ಕಾರ್ಡಿನಲ್ಲಿ. "ಎಂಟು ಜನ ಬರುತ್ತೇವೆ, ವಿಷಯ ಬಹಳ ಗುಪ್ತ, ಯಾರಿಗೂ ಹೇಳಬೇಡ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ. ಕಾರ್ಡು ತಂದುಕೊಟ್ಟ ಪೋಸ್ಟ್‌ಮ್ಯಾನು ಬಾಗಿಲಲ್ಲೇ ನಿಂತು, "ಎಂಟು ಜನಕ್ಕೆ ಹಾಸಿಗೆ ಸಾಲ್ದಿದ್ರೆ ನಮ್ಮನೇಲಿ ಎರಡು ಚಾಪೆ ಇದಾವೆ ಅಕ್ಕ, ಹೇಳಿ ಕಳ್ಸಿ" ಎಂದ.

ನಾನೂ ಗುಟ್ಟನ್ನು ಕಾಪಾಡಲು ನನ್ನ ಪಾಲಿನದ್ದನ್ನು ಮಾಡಿದೆ. ನಮ್ಮ ಮನೆಯಲ್ಲಿದ್ದದ್ದು ನಾಲ್ಕು ಜನರ ಪಾತ್ರೆ. ಎಂಟು ಗಂಡಸರಿಗೆ ಹುಳಿ ಕುದಿಸಲು ದೊಡ್ಡ ತಪ್ಪಲೆ ಬೇಕು. ಎದುರುಮನೆಯಿಂದ ತಪ್ಪಲೆ, ಪಕ್ಕದ ಮನೆಯಿಂದ ಇಡ್ಲಿ ಬೇಯಿಸುವ ಅಟ್ಟ, ಮೂಲೆಮನೆಯಿಂದ ಮಜ್ಜಿಗೆಗೆ ಹೆಪ್ಪು, ಹಿಂದಿನ ಬೀದಿಯಿಂದ ಬಾಳೆ ಎಲೆ ತರಿಸಿದೆ. ಎಲ್ಲ ಕಡೆಯೂ ನೆಂಟರು ಬರುತ್ತಾರೆ ಎಂದಷ್ಟೇ ಹೇಳಿದೆ. ಯಾವ ಕಡೆ ನೆಂಟರು ಎಂದು ಅವರು ಕೇಳಿದರು. ಇಷ್ಟು ಸಾಮಾನು ಕೊಟ್ಟವರಿಗೆ ಅಷ್ಟೂ ಹೇಳದಿದ್ದರೆ ಹೇಗೆ? ಹೇಳಿದೆ. ಮರುದಿನ ಮಧ್ಯಾಹ್ನ ಬಿಳಿ ಪಂಚೆ, ಬಿಳಿ ಜುಬ್ಬದ ಎಂಟು ಜನ ಬಸ್ಸಿನಿಂದ ಸಾಲಾಗಿ ಇಳಿದಾಗ, ಬಸ್‌ಸ್ಟ್ಯಾಂಡಿನ ಹೋಟೆಲಿನವರು ಹೊರಗೆ ಬಂದು, "ಎಂತ ಸೋಮಣ್ಣ, ಪೂರಾ ಮುನ್ಸಿಪಾಲ್ಟಿನೇ ಹೊಸನಗರಕ್ಕೆ ವರ್ಗ ಆಯ್ತಾ?" ಎಂದು ಕೇಳಿದರಂತೆ. ಅಣ್ಣಯ್ಯ ಯಾತ್ರೆ ಎಂದ. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಯಾವ ದೇವಸ್ಥಾನವಿದೆ ಎಂದು ಅವರು ಪಾಪ ಕೇಳಲಿಲ್ಲ.

ಬಂದವನೇ ಅಣ್ಣಯ್ಯ ಅಡಿಗೆಮನೆಗೆ ಬಂದು ಒಂದು ಮಾತು ಹೇಳಿದ. "ನೋಡೇ ಶಾರದಾ, ಬಂದೋರಲ್ಲಿ ಎಲ್ಲಾ ಜಾತಿಯೋರೂ ಇದಾರೆ. ಎಲ್ರಿಗೂ ಜಗಲಿ ಮೇಲೆ ಒಂದೇ ಪಂಕ್ತಿ. ಒಬ್ರ ಎಲೆ ಬೇರೆ ಹಾಕಿದ್ರೆ ಅವ್ರ ಓಟೂ ಬೇರೆ ಬೀಳ್ತದೆ." ನಮ್ಮ ಮನೆಯಲ್ಲಿ ಅದುವರೆಗೆ ಯಾವ ಸುಧಾರಕರಿಂದಲೂ ಆಗದಿದ್ದದ್ದು ಹೀಗೆ ಒಂದು ಓಟಿನ ಭಯದಿಂದ ಆಯಿತು. ಮೂರು ದಿನ ಬೆಳಿಗ್ಗೆ ಕಡುಬು ಇಲ್ಲವೇ ರೊಟ್ಟಿ, ಮಧ್ಯಾಹ್ನ ಸೌತೆಕಾಯಿ ಹುಳಿ, ಮಾವಿನಹಣ್ಣಿನ ಗೊಜ್ಜು, ಹಲಸಿನ ಹಪ್ಪಳ, ನಡುನಡುವೆ ಎಂಟು ಲೋಟ ಕಾಫಿ. ನಮ್ಮ ಮನೆಯವರು ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಆರಾಮವಾಗಿದ್ದವರಿಗೂ ಕೆಲಸ ಸಿಕ್ಕಿತು. ಯಾತ್ರಿಕರು ಹೊರಡುವ ಮೊದಲು ವರದಹಳ್ಳಿಗೆ ಮಾತ್ರ ನಿಜವಾಗಿ ಹೋಗಿಬಂದಿದ್ದರು. ಉಳಿದ ಊರುಗಳ ಪ್ರಸಾದವಿಲ್ಲದೆ ಮನೆಗೆ ಹೋದರೆ ಹೆಂಡಂದಿರು ಬಿಡುತ್ತಾರೆಯೇ? ಮೇಷ್ಟ್ರು ಒಂದು ದಿನ ಬಸ್ಸು ಹಿಡಿದು ಹುಂಚಕ್ಕೆ ಹೋಗಿ ಎಂಟು ಪೊಟ್ಟಣ ಕುಂಕುಮ ತಂದರು, ಇನ್ನೊಂದು ದಿನ ತೀರ್ಥಹಳ್ಳಿಗೆ ಹೋಗಿ ಎಂಟು ಸೀಸೆಗಳಲ್ಲಿ ಹೊಳೆಯ ನೀರು ತಂದರು. ಎಂಟು ಜನರ ಪುಣ್ಯವನ್ನು ಒಬ್ಬರೇ ಹೊತ್ತು ತಂದು ಅವರಿಗೆ ಸೊಂಟ ಹಿಡಿದುಕೊಂಡಿತು.

ಯಾತ್ರಿಕರು ಜಗಲಿಯಲ್ಲಿ ಕೂತು ಇಸ್ಪೀಟು ಆಡುತ್ತಿದ್ದರು. ಅದರ ನಡುವೆ ಅಣ್ಣಯ್ಯ ಅವರಿಗೆ ಓಟು ಹಾಕುವ ಅಭ್ಯಾಸ ಮಾಡಿಸುತ್ತಿದ್ದ. ಮೇಷ್ಟ್ರ ಹಳೆಯ ಉತ್ತರ ಪತ್ರಿಕೆಗಳ ಹಿಂಬದಿಯನ್ನು ಚೀಟಿ ಚೀಟಿಯಾಗಿ ಕತ್ತರಿಸಿ, ಎರಡು ಹೆಸರು ಬರೆದು, ನನ್ನ ಉಪ್ಪಿನಕಾಯಿ ಭರಣಿಯನ್ನು ತೊಳೆಸಿ ಅದರಲ್ಲಿ ಹಾಕಿಸುತ್ತಿದ್ದ. ಪ್ರತಿ ಸಲವೂ ಎಂಟಕ್ಕೆ ಎಂಟು ಅವನಿಗೇ ಬರುತ್ತಿತ್ತು. ಅವನು ಚೀಟಿಗಳನ್ನು ಎಣಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಆಗ ಅವನ ಮುಖ ನೋಡಿದರೆ ನನಗೆ ಕಾಫಿ ಸೋಸುವ ಕೈ ನಿಲ್ಲುತ್ತಿತ್ತು. ದೇವರೇ, ಇವನಿಗೆ ಇದೊಂದು ಆಗಲಿ ಎಂದುಕೊಳ್ಳುತ್ತಿದ್ದೆ.

ಏಳು ಜನರಲ್ಲಿ ಒಬ್ಬರು ಮಾತ್ರ ಇಸ್ಪೀಟು ಆಡುತ್ತಿರಲಿಲ್ಲ. ಅವರು ಕೆರಿಯಪ್ಪಜ್ಜ. ಹೊನ್ನೆಮರಡಿನ ಆಚೆ ಹೊಳೆದಂಡೆಯಲ್ಲಿ ಅವರ ಊರಿತ್ತು. ಲಿಂಗನಮಕ್ಕಿಯ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂದು ಊರು ಮುಳುಗಿತು. ಹಾಗೆ ಎದ್ದು ಬಂದವರು ಬಹಳ ಜನ ಇದ್ದ ಒಂದು ವಾರ್ಡಿನಿಂದ ಅಜ್ಜ ಆರಿಸಿ ಬಂದಿದ್ದರು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ತಿನ್ನುವುದೂ ನಿಧಾನ, ಮಾತೂ ನಿಧಾನ. ಎಂಟು ಜನರಲ್ಲಿ ಅಡಿಗೆಮನೆಯ ಬಾಗಿಲಿಗೆ ಬಂದು, "ಹುಳಿ ಚೆನಾಗಿತ್ತು ತಂಗಿ" ಎಂದವರು ಅವರೊಬ್ಬರೇ. ಉಳಿದವರಿಗೆ, ನನ್ನ ಸ್ವಂತ ಅಣ್ಣನನ್ನೂ ಸೇರಿಸಿ, ಬಾಯಿದ್ದದ್ದು ಪುರಸಭೆಗಾಗಿ. ಅಜ್ಜ ದಿನಕ್ಕೆ ನಾಲ್ಕು ಸಲ ತಮ್ಮ ಊರಿನ ಕತೆ ಸುರುಮಾಡುತ್ತಿದ್ದರು. "ನಮ್ಮನೆ ಜಗಲಿ ಎಷ್ಟುದ್ದ ಇತ್ತು ಗೊತ್ತನಾ? ನಲವತ್ತು ಎಲೆ ಹಾಕ್ಬೋದಿತ್ತು. ಕಡೇ ದಿನ ಎಂತಾತು ಅಂದ್ರೆ..." ಎನ್ನುವಷ್ಟರಲ್ಲಿ ಅಣ್ಣಯ್ಯ, "ಅದು ಇರ್ಲಿ ಅಜ್ಜ, ಗುರುತು ಎಲ್ಲಿ ಹಾಕ್ತೀರಿ ತೋರ್ಸಿ ನೋಡಾಣ" ಎಂದು ಚೀಟಿ ಕೊಡುತ್ತಿದ್ದ. ಅಜ್ಜ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಸರಿಯಾದ ಜಾಗದಲ್ಲೇ ಗುರುತು ಹಾಕುತ್ತಿದ್ದರು. ಕಡೇ ದಿನ ಏನಾಯಿತೆಂಬುದು ಹಾಗೇ ಉಳಿಯುತ್ತಿತ್ತು. ನನಗೆ ಕೇಳುವ ಆಸೆಯಿತ್ತು. ಒಲೆಯ ಮೇಲೆ ಯಾವಾಗಲೂ ಏನೋ ಒಂದು ಇರುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಬೀಳ್ಕೊಡುಗೆಯ ಊಟ. ಮೂರು ಗಂಟೆಯ ಬಸ್ಸಿಗೆ ಸಾಗರ, ಮರುದಿನ ಬೆಳಿಗ್ಗೆ ಚುನಾವಣೆ. ಶ್ಯಾವಿಗೆ ಪಾಯಸ ಮಾಡಿದ್ದೆ. ಎಲೆ ಹಾಕಿ ನೀರು ಚಿಮುಕಿಸುತ್ತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಬಸವಣ್ಯಪ್ಪನವರು. ನನ್ನ ಮದುವೆಯ ಸೀರೆ ತಂದದ್ದು ಅವರ ಅಂಗಡಿಯಿಂದಲೇ, ಗುರುತು ಹಿಡಿಯದೆ ಇರುತ್ತೇನೆಯೇ? ಭಾರಿ ಆಳು. ಬಿಸಿಲಲ್ಲಿ ನಡೆದು ಬಂದು ಬೆವರಿನಲ್ಲಿ ತೊಯ್ದಿದ್ದರು. "ಎತ್ತು ನೋಡಕ್ಕೆ ಅಂತ ಬಂದಿದ್ದೆ ತಂಗಿ. ಸೋಮಣ್ಣ ಇಲ್ಲೇ ಇದಾನೆ ಅಂದ್ರು, ಮಾತಾಡ್ಸಿ ಹೋಗಾಣ ಅಂತ ಬಂದೆ" ಎಂದರು. ಬಟ್ಟೆ ಅಂಗಡಿಯವರಿಗೆ ಎತ್ತು ಯಾಕೆ ಎಂದು ನನಗೆ ಆ ಕ್ಷಣ ಹೊಳೆಯಲಿಲ್ಲ. "ಊಟ ಆಯ್ತಾ?" ಎಂದೆ. ಇದು ನಾನು ಕೇಳಿದ್ದಲ್ಲ, ನಮ್ಮ ಕಡೆಯ ನಾಲಿಗೆ ತಾನಾಗಿ ಕೇಳುವುದು. "ಎಲ್ಲಿ ತಂಗಿ, ಬೆಳಿಗ್ಗೆ ಬಸ್ಸಿಗೆ ಹೊರಟಿದ್ದು" ಎಂದರು. "ಹಂಗಾದ್ರೆ ಕೈಕಾಲು ತೊಳ್ಕಳಿ, ಎಲೆ ಹಾಕಿದೀನಿ" ಎಂದು ಒಂಬತ್ತನೇ ಎಲೆ ಹಾಕಿದೆ.

ಒಳಗೆ ಬಂದರೆ ಅಣ್ಣಯ್ಯ ಅಡಿಗೆಮನೆಯ ಕಂಬ ಹಿಡಿದು ನಿಂತಿದ್ದ. "ಎಂತ ಮಾಡ್ದೆ ಮಾರಾಯ್ತಿ ನೀನು?" ಎಂದು ಪಿಸುಗುಟ್ಟಿದ.

"ಎಲೆ ಹಾಕಿದ ಹೊತ್ತಿಗೆ ಬಂದೋರ್ನ ಹೆಂಗೆ ಕಳ್ಸದು ಅಣ್ಣಯ್ಯ?"

"ಮೂರು ದಿನ ಇವ್ರನ್ನ ಬಚ್ಚಿಟ್ಟಿದ್ದು ಯಾರಿಂದ ಅಂತ ಮಾಡಿದೀಯೆ? ಆ ಮನುಷ್ಯನಿಂದ. ನೀನು ಕರ್ದು ಪಂಕ್ತಿಲೇ ಕೂರಿಸ್ತೀಯಲ."

"ನೀನೇ ಹೇಳಿದ್ಯಲ, ಎಲ್ರಿಗೂ ಒಂದೇ ಪಂಕ್ತಿ ಅಂತ" ಎಂದೆ. ಅವನು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಊಟ ಸುರುವಾಯಿತು. ನಮ್ಮ ಕಡೆ ಪಂಕ್ತಿಗೆ ಒಂದು ಕ್ರಮ ಉಂಟು. ಎಲ್ಲರೂ ಒಟ್ಟಿಗೆ ಕೂತರೆ ಎಲ್ಲರೂ ಒಟ್ಟಿಗೆ ಏಳಬೇಕು. ತನ್ನದು ಮುಗಿಯಿತೆಂದು ಮೊದಲೇ ಎದ್ದರೆ ಉಣ್ಣುತ್ತಿರುವವರಿಗೆ ಅವಮಾನ ಮಾಡಿದ ಹಾಗೆ. ಎಷ್ಟೇ ಅವಸರದವನೂ ಎಂಜಲು ಕೈಯನ್ನು ಎಲೆಯ ಮೇಲಿಟ್ಟುಕೊಂಡು ಕಡೆಯವನಿಗಾಗಿ ಕಾಯುತ್ತಾನೆ. ಬಸವಣ್ಯಪ್ಪನವರು ಚುನಾವಣೆಯ ಮಾತೇ ಎತ್ತಲಿಲ್ಲ. ಗೊಜ್ಜು ಚೆನ್ನಾಗಿದೆ ಎಂದರು, ಹಪ್ಪಳ ಇನ್ನೊಂದು ಕೇಳಿದರು. ಅವರು ಬಾಯಿ ತೆರೆದಾಗಲೆಲ್ಲ ಅಣ್ಣಯ್ಯ ತುತ್ತು ಕೈಯಲ್ಲೇ ಹಿಡಿದು ಅವರ ಕಡೆ ನೋಡುತ್ತಿದ್ದ. ಪಾಯಸ ಬಡಿಸಿದೆ. ಅಣ್ಣಯ್ಯ ಎರಡು ಸಲ ಬಾಯಿಗಿಟ್ಟವನು ಮಜ್ಜಿಗೆಗೂ ಕಾಯದೆ ಕಣ್ಣಿನಲ್ಲೇ ತನ್ನವರಿಗೆ ಸನ್ನೆ ಮಾಡತೊಡಗಿದ. ಆ ಹೊತ್ತಿಗೆ ಸರಿಯಾಗಿ ನಾನು ಪಾಯಸದ ಪಾತ್ರೆ ಹಿಡಿದು ಕೆರಿಯಪ್ಪಜ್ಜನ ಎದುರು ಇದ್ದೆ. ಸನ್ನೆ ನನಗೂ ಕಂಡಿತು. ಅಜ್ಜನಿಗೆ ಕಾಣಲಿಲ್ಲ. ಅವರು ಎಲೆಯಿಂದ ಮುಖ ಎತ್ತಿ, "ಬಾಳ ಚೆನಾಗಿ ಬಂದದೆ ತಂಗಿ" ಎಂದರು. ಮೂರು ದಿನ ಬೇಯಿಸಿದ ಹೆಂಗಸಿಗೆ ಇಂಥ ಮಾತು ಬಿದ್ದರೆ ಕೈ ಸುಮ್ಮನಿರುತ್ತದೆಯೇ? ಒಂದು ಸೌಟು ಮತ್ತೆ ಬಡಿಸಿದೆ. ಬಿಸಿ ಪಾಯಸ, ಹಲ್ಲಿಲ್ಲದ ಬಾಯಿ.

ಅಷ್ಟರಲ್ಲಿ ಅಣ್ಣಯ್ಯ ಎದ್ದ. "ಬನ್ನಿ ಬನ್ನಿ, ಬಸ್ಸಿಗೆ ಹೊತ್ತಾಯ್ತು" ಎಂದ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಉಳಿದ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಜ್ಜನ ಕಡೆ ನೋಡದೆ ಎದ್ದುಹೋದರು. ಸಾಲಿನಲ್ಲಿ ಏಳು ಖಾಲಿ ಎಲೆ. ಈ ತುದಿಯಲ್ಲಿ ಅಜ್ಜ, ಆ ತುದಿಯಲ್ಲಿ ಬಸವಣ್ಯಪ್ಪನವರು. ಅಜ್ಜ ತಲೆ ಎತ್ತಿ ನೋಡಿದರು. ಕೈ ನಿಂತಿತು. ಬಸವಣ್ಯಪ್ಪನವರ ಎಲೆಯಲ್ಲಿ ಏನೂ ಇರಲಿಲ್ಲ, ಕೈ ಒಣಗಿತ್ತು. ಆದರೆ ಅವರು ಅಲುಗಲಿಲ್ಲ. "ಉಣ್ಣಿ ಅಜ್ಜ, ಎಂತ ಅವಸರ" ಎಂದರು.

ಅಜ್ಜ ಉಂಡರು. ಉಣ್ಣುತ್ತಾ ಕತೆ ಸುರುಮಾಡಿದರು. "ನಮ್ಮನೆ ಜಗಲಿಲಿ ನಲವತ್ತು ಎಲೆ ಹಾಕ್ಬೋದಿತ್ತು. ಕಡೇ ದಿನ ಊರಲ್ಲಿ ಉಳ್ದಿದ್ದು ನಾವು ಹನ್ನೊಂದೇ ಜನ. ನೀರು ಮೆಟ್ಲಿಗೆ ಬಂದಿತ್ತು. ನಮ್ಮನೆಯವ್ಳು ಮನೇಲಿದ್ದ ಬೆಲ್ಲ ಪೂರಾ ಹಾಕಿ ಪಾಯಸ ಮಾಡಿದ್ಲು. ಮಾಡಿ, ನಲವತ್ತೂ ಎಲೆ ಹಾಕ್ಬಿಟ್ಲು. ಎಂತಕ್ಕೆ ಅಂದ್ರೆ, ಹೋದೋರದ್ದೂ ಇರ್ಲಿ ಅಂದ್ಲು."

"ಆಮೇಲೆ?" ಎಂದರು ಬಸವಣ್ಯಪ್ಪನವರು.

"ಆಮೇಲೆಂತ. ಉಂಡ್ವಿ, ಎಲೆ ಎತ್ತಿ ಹೊಳಿಗೆ ಬಿಟ್ವಿ. ಹೊಳೆ ಮನೆ ಬಾಗ್ಲಿಗೇ ಬಂದಿತ್ತಲ, ದೂರ ಹೋಗೋ ಕೆಲ್ಸ ಇರ್ಲಿಲ್ಲ" ಎಂದು ಅಜ್ಜ ನಕ್ಕರು. ಬೆರಳಿನಿಂದ ಎಲೆಯನ್ನು ಚೊಕ್ಕವಾಗಿ ಬಳಿದರು. ಆಮೇಲೆ ಇಬ್ಬರೂ ಒಟ್ಟಿಗೆ ಎದ್ದರು.

ಹೊಸನಗರದಿಂದ ಸಾಗರಕ್ಕೆ ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು. ಒಂಬತ್ತೂ ಜನ ಅದರಲ್ಲೇ ಹೋದರು. ಅಣ್ಣಯ್ಯ ಅಜ್ಜನನ್ನು ಕಿಟಕಿಯ ಪಕ್ಕ ಕೂರಿಸಿ, ತಾನೇ ಆನಿಕೊಂಡು ಕೂತು ಕಾವಲು ಕಾದನಂತೆ. ಮರುದಿನ ಸಂಜೆ ಅದೇ ಬಸ್ಸಿನ ಕಂಡಕ್ಟರು ನಮ್ಮ ಬಾಗಿಲಿಗೆ ಬಂದು ಸುದ್ದಿ ಹೇಳಿದ. "ಬಸವಣ್ಯಪ್ಪನೋರಿಗೆ ಎಂಟು, ನಿಮ್ಮಣ್ಣಂಗೆ ಏಳು, ಅಕ್ಕ." ಅವನು ಹೋದ ಮೇಲೆ ನಾನು ಎದುರುಮನೆಯ ತಪ್ಪಲೆಯನ್ನು ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿದೆ. ಮೊದಲೇ ಒಮ್ಮೆ ತಿಕ್ಕಿ ಇಟ್ಟದ್ದು.

ಯಾರು ಕೈಕೊಟ್ಟರು ಎಂಬುದು ಅಣ್ಣಯ್ಯನಿಗೆ ಒಂದು ಹುಣ್ಣಾಯಿತು. ಚೀಟಿ ಗುಪ್ತ, ಕೇಳುವ ಹಾಗಿಲ್ಲ. ಏಳು ಜನರಲ್ಲಿ ಒಬ್ಬರಾದ ಹೋಟೆಲಿನ ಸುಬ್ಬಣ್ಣ ಇವನ ಜೀವದ ಗೆಳೆಯ. ಅವನ ಮೇಲೆ ಅನುಮಾನ ಬಂದು ಆರು ತಿಂಗಳು ಅವನ ಹೋಟೆಲಿನ ಕಾಫಿ ಬಿಟ್ಟ. ತಲೆನೋವು ಬಂದು ಒದ್ದಾಡಿದ, ಬೇರೆ ಕಡೆ ಕುಡಿದರೆ ರುಚಿ ಹತ್ತಲಿಲ್ಲ. ನನಗೆ ತಡೆಯಲಾಗದೆ, "ಸುಬ್ಬಣ್ಣ ಅಲ್ಲ ಅಣ್ಣಯ್ಯ" ಎಂದೆ. "ನಿಂಗೆ ಹೆಂಗೆ ಗೊತ್ತು?" ಎಂದ. "ಗೊತ್ತು ಅಷ್ಟೇ" ಎಂದೆ. ಅವನು ಮುಂದೆ ಕೇಳಲಿಲ್ಲ, ಮರುದಿನವೇ ಕಾಫಿಗೆ ಹೋದ. ಬಸವಣ್ಯಪ್ಪನವರು ಅಧ್ಯಕ್ಷರಾಗಿ ಒಳ್ಳೆಯ ಹೆಸರು ಪಡೆದರು. ಸೋಡಾ ಫ್ಯಾಕ್ಟರಿಯ ಎದುರಿನ ಚರಂಡಿಗೆ ಕಲ್ಲು ಕಟ್ಟಿಸಿದರು. ಅಣ್ಣಯ್ಯ ಕೋಣೆಗೆ ಹೋದರೆ ಎದ್ದು ನಿಂತು, "ಬಾ ಸೋಮಣ್ಣ, ಕೂತ್ಕ" ಎನ್ನುತ್ತಿದ್ದರಂತೆ. ಅವನು ಕೂರುತ್ತಿದ್ದನಂತೆ, ಆದರೆ ಅರ್ಧ ಕುರ್ಚಿಯಲ್ಲಿ. ಎಷ್ಟೋ ವರ್ಷದ ಮೇಲೆ ಒಂದು ಮದುವೆಮನೆಯಲ್ಲಿ ಬಸವಣ್ಯಪ್ಪನವರು ಸಿಕ್ಕಾಗ ನಾನು ಧೈರ್ಯ ಮಾಡಿ, ಅಂದು ಅಜ್ಜನಿಗಾಗಿ ಕಾದದ್ದು ದೊಡ್ಡ ಗುಣ ಎಂದು ಹೊಗಳಿದೆ. ಅವರು ಸುತ್ತಲೂ ನೋಡಿ ದನಿ ತಗ್ಗಿಸಿದರು. "ಗುಣ ಎಂತ ಬಂತು ತಂಗಿ, ನೆಲದ ಮೇಲೆ ಕೂತು ಕಾಲು ಜೋಮು ಹಿಡ್ದಿತ್ತು. ಎದ್ದಿದ್ರೆ ಅಲ್ಲೇ ಬೀಳ್ತಿದ್ದೆ."

ಅಣ್ಣಯ್ಯ ಮುಂದೆಂದೂ ಅಧ್ಯಕ್ಷನಾಗಲಿಲ್ಲ. ಹೋದ ಯುಗಾದಿಗೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ನಾನು ಪಾಯಸದ ಪಾತ್ರೆ ಹಿಡಿದು ಬಂದಾಗ ಎಲೆಯನ್ನೇ ನೋಡುತ್ತಾ ಕೇಳಿದ, "ಅವತ್ತು ಕೆರಿಯಪ್ಪಜ್ಜಂಗೆ ಎರಡನೇ ಸಲ ಬಡಿಸಿದ್ಯಲ, ನಾನು ಸನ್ನೆ ಮಾಡಿದ್ದು ಕಂಡಿರ್ಲಿಲ್ಲನೇ?"

ಕೈಕೊಟ್ಟವರು ಅಜ್ಜ ಎಂದು ಇಷ್ಟು ವರ್ಷದಿಂದ ಅವನಿಗೂ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. "ಕಂಡಿತ್ತು" ಎಂದೆ.

"ಓಟು ಹೋದದ್ದು ಹೋಯ್ತು. ಎದ್ದವನು ನಾನು, ತಪ್ಪು ನಂದೇ" ಎಂದ. ಆಮೇಲೆ, "ನಂಗೂ ಒಂದು ಸೌಟು ಬೇಕನಾ ಅಂತ ನೀನು ಕೇಳ್ಲಿಲ್ಲ ನೋಡು. ಕೇಳಿದ್ರೆ ಕೂತಿರ್ತಿದ್ನೇನೋ" ಎಂದ.

"ಅವತ್ತು ಪಾಯಸ ಮುಗಿದುಹೋಗಿತ್ತು ಅಣ್ಣಯ್ಯ" ಎಂದೆ. ಅದು ಪೂರ್ತಿ ಸುಳ್ಳಲ್ಲ, ಪಾತ್ರೆಯಲ್ಲಿದ್ದದ್ದು ಮುಗಿದಿತ್ತು. ಅಡಿಗೆಮನೆಯ ನಾಗಂದಿಗೆಯ ಮೇಲೆ, ಅಕ್ಕಿಡಬ್ಬದ ಹಿಂದೆ, ನನಗೆಂದು ಒಂದು ದೊಡ್ಡ ಲೋಟ ತುಂಬ ತೆಗೆದಿಟ್ಟುಕೊಂಡಿದ್ದೆ. ಅವತ್ತು ಅವರ ಬಸ್ಸು ಹೋದ ಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು, ಯಾವ ಅವಸರವೂ ಇಲ್ಲದೆ ಕುಡಿದೆ.